ಕಾರ್ಖಾನೆಯ ಇಂಗಾಲವನ್ನು ನೆಲದಾಳಕ್ಕೆ ಇಳಿಸಿದರೆ ಭೂಕಂಪದ ಅಪಾಯವನ್ನು ನಿಭಾಯಿಸುವುದು ಹೇಗೆ? ಬಳ್ಳಾರಿ, ಕೊಪ್ಪಳ, ರಾಯಚೂರು ಓದುಗರ ಚರ್ಚೆ

ಕುಡುತಿನಿ ಮೇಷ್ಟ್ರು:

ಕರ್ನಾಟಕದಲ್ಲಿ ಕಲ್ಲಿದ್ದಲು ಅತಿ ಹೆಚ್ಚು ಉರಿಯುವುದು ನಮ್ಮ ಮೂರು ಜಿಲ್ಲೆಗಳಲ್ಲಿ. ಕುಡುತಿನಿಯ ಉಷ್ಣ ವಿದ್ಯುತ್ ಸ್ಥಾವರದ ಸಾಮರ್ಥ್ಯ 1,700 ಮೆಗಾವಾಟ್, ಶಕ್ತಿನಗರದ್ದು 1,720, ಯರಮರಸಿನದ್ದು 1,600. ಇವುಗಳ ಜೊತೆಗೆ ತೋರಣಗಲ್ಲಿನ ಉಕ್ಕಿನ ಕುಲುಮೆಗಳಿವೆ, ಗಿಣಿಗೇರಾ ಸುತ್ತಲಿನ ಸ್ಪಾಂಜ್ ಐರನ್ ಕಾರ್ಖಾನೆಗಳಿವೆ. ಈ ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಚಿಮಣಿಯಲ್ಲಿಯೇ ಹಿಡಿದು, ಒತ್ತಡ ಹಾಕಿ, ಭೂಮಿಯ ಆಳದ ಶಿಲೆಗಳಲ್ಲಿ ಶಾಶ್ವತವಾಗಿ ಇರಿಸುವ ವಿಚಾರ ಈಗ ಸರ್ಕಾರದ ಕಡತಗಳವರೆಗೆ ಬಂದಿದೆ. ನೀತಿ ಆಯೋಗ 2022ರಲ್ಲಿ ಈ ಕುರಿತು ಒಂದು ನೀತಿ ಚೌಕಟ್ಟನ್ನು ಪ್ರಕಟಿಸಿತು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಬೆಂಬಲದಿಂದ ಮುಂಬೈ ಐಐಟಿಯಲ್ಲಿಯೂ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಇದಕ್ಕೆಂದೇ ಎರಡು ರಾಷ್ಟ್ರೀಯ ಕೇಂದ್ರಗಳು ತಲೆಯೆತ್ತಿವೆ.

ಪ್ರಮಾಣ ಎಷ್ಟೆಂಬುದನ್ನು ನಮಗೆ ಪರಿಚಿತವಾದ ಅಳತೆಯಲ್ಲಿಯೇ ಲೆಕ್ಕ ಹಾಕಿದ್ದೇನೆ. 1,700 ಮೆಗಾವಾಟಿನ ಸ್ಥಾವರವೊಂದು ಸಾಮರ್ಥ್ಯದ ಶೇ 70ರಷ್ಟು ನಡೆದರೆ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಭೂಮಿಯೊಳಗೆ 800 ಮೀಟರಿಗಿಂತ ಆಳದಲ್ಲಿ, ಸುಮಾರು 74 ಬಾರ್ ಒತ್ತಡ ಮತ್ತು 31 ಡಿಗ್ರಿ ಉಷ್ಣತೆಯನ್ನು ಮೀರಿದ ಮೇಲೆ, ಈ ಅನಿಲ ಹೆಚ್ಚುಕಡಿಮೆ ದ್ರವದಷ್ಟೇ ಸಾಂದ್ರವಾಗುತ್ತದೆ. ಒಂದು ಘನಮೀಟರಿಗೆ 600ರಿಂದ 700 ಕಿಲೋ ಎಂದಿಟ್ಟುಕೊಳ್ಳೋಣ. ಆ ಲೆಕ್ಕದಲ್ಲಿ ಒಂದೇ ಸ್ಥಾವರದ ಒಂದು ವರ್ಷದ ಇಂಗಾಲಕ್ಕೆ ಅರ್ಧ ಟಿಎಂಸಿಯಷ್ಟು ಜಾಗ ಬೇಕು. ಅದೂ ಜಲಾಶಯದಂತಹ ತೆರೆದ ಜಾಗವಲ್ಲ. ಈಗಾಗಲೇ ಉಪ್ಪುನೀರು ತುಂಬಿಕೊಂಡಿರುವ ಶಿಲೆಯ ಸೂಕ್ಷ್ಮ ರಂಧ್ರಗಳ ಜಾಗ. ಅಲ್ಲಿಗೆ ಹೊಸ ದ್ರವವನ್ನು ನುಗ್ಗಿಸಿದರೆ ಒತ್ತಡ ಏರಲೇಬೇಕು. ಹಾಗೆ ಏರಿದ ಒತ್ತಡದಿಂದ ಭೂಮಿ ಕಂಪಿಸುವುದೇ, ಕಂಪಿಸುವುದಾದರೆ ಅದನ್ನು ಮೊದಲೇ ತಡೆಯುವ ದಾರಿಗಳೇನು, ಆ ದಾರಿಗಳನ್ನು ಪಾಲಿಸುತ್ತಿದ್ದಾರೆಯೇ ಎಂದು ನೋಡುವವರು ಯಾರು? ಬಲ್ಲವರು ದಯವಿಟ್ಟು ವಿವರವಾಗಿ ಬರೆಯಬೇಕು. ಹೆದರಿಕೆಗೂ ಜಾಹೀರಾತಿಗೂ ಇಲ್ಲಿ ಜಾಗ ಬೇಡ.

ರಾಯಚೂರು ಭೂವಿಜ್ಞಾನ ವಿದ್ಯಾರ್ಥಿನಿ:

ಗುರುಗಳೇ, ಕಂಪಿಸುವುದು ಸಾಧ್ಯ. ಹೊರಪದರದ ಶಿಲೆಗಳಲ್ಲಿ ಎಲ್ಲೆಡೆಯೂ ಹಳೆಯ ಸ್ತರಭಂಗಗಳಿವೆ, ಅಂದರೆ ಶಿಲೆ ಒಡೆದು ಜಾರಿದ ಬಿರುಕುಗಳು. ಅವುಗಳ ಎರಡು ಮುಖಗಳನ್ನು ಮೇಲಿನ ಭಾರವೂ ಪಕ್ಕದ ಒತ್ತಡವೂ ಅದುಮಿ ಹಿಡಿದಿರುವುದರಿಂದ, ಘರ್ಷಣೆಯ ಬಲದಿಂದಾಗಿ ಅವು ಜಾರದೆ ನಿಂತಿರುತ್ತವೆ. ಬಿರುಕಿನೊಳಗಿನ ದ್ರವದ ಒತ್ತಡ ಹೆಚ್ಚಿದಾಗ ಅದುಮುವ ಬಲದ ಒಂದು ಭಾಗ ಅಲ್ಲಿಯೇ ಕಳೆದುಹೋಗುತ್ತದೆ. ಮೊದಲೇ ಜಾರುವ ಅಂಚಿನಲ್ಲಿದ್ದ ಸ್ತರಭಂಗವಾದರೆ ಅಷ್ಟೇ ಸಾಕು. ಅಂದರೆ ಭೂಕಂಪದ ಶಕ್ತಿಯನ್ನು ನಾವು ತುಂಬುವುದಿಲ್ಲ, ಭೂಮಿಯಲ್ಲಿ ಯುಗಗಳಿಂದ ಕೂಡಿಟ್ಟ ಶಕ್ತಿಯ ಅಗುಳಿಯನ್ನು ತೆಗೆಯುತ್ತೇವೆ. ಆದ್ದರಿಂದಲೇ ಸಣ್ಣ ಒತ್ತಡಕ್ಕೂ ದೊಡ್ಡ ಕಂಪನ ಬರಬಹುದು, ದೊಡ್ಡ ಒತ್ತಡಕ್ಕೂ ಏನೂ ಆಗದಿರಬಹುದು.

ಇದು ಮೊದಲು ಸ್ಪಷ್ಟವಾದದ್ದು ಅಮೆರಿಕದ ಡೆನ್ವರ್ ಬಳಿ. ಅಲ್ಲಿನ ಸೇನಾ ರಾಸಾಯನಿಕ ಘಟಕವೊಂದು 1962ರಿಂದ ಸುಮಾರು 3.6 ಕಿಲೋಮೀಟರ್ ಆಳದ ಬಾವಿಗೆ ತ್ಯಾಜ್ಯನೀರನ್ನು ಇಳಿಸತೊಡಗಿದ ಮೇಲೆ ಕಂಪನಗಳು ಶುರುವಾದವು. 1966ರಲ್ಲಿ ನಿಲ್ಲಿಸಿದರು, ಆದರೆ ಅತಿ ದೊಡ್ಡ ಕಂಪನ ಬಂದದ್ದು ನಿಲ್ಲಿಸಿದ ಮರುವರ್ಷ, 1967ರಲ್ಲಿ. ಓಕ್ಲಹಾಮ ರಾಜ್ಯದಲ್ಲಿ ತೈಲಬಾವಿಗಳ ಉಪ್ಪುನೀರನ್ನು ಆಳಕ್ಕೆ ಮರಳಿಸಿದಾಗ, ವರ್ಷಕ್ಕೆ ಒಂದೆರಡು ಬಾರಿ ಬರುತ್ತಿದ್ದ 3ಕ್ಕಿಂತ ಹೆಚ್ಚಿನ ತೀವ್ರತೆಯ ಕಂಪನಗಳು 2015ರಲ್ಲಿ ಒಂಬೈನೂರರ ಆಸುಪಾಸಿಗೆ ಏರಿದವು. 2016ರಲ್ಲಿ ಪಾನಿ ಪಟ್ಟಣದ ಬಳಿ 5.8 ತೀವ್ರತೆಯ ಭೂಕಂಪವಾಯಿತು. ನಿಯಂತ್ರಕರು ಇಳಿಸುವ ನೀರಿನ ಪ್ರಮಾಣವನ್ನು ಕಡಿತಗೊಳಿಸಿದ ಮೇಲೆ ಸಂಖ್ಯೆ ಇಳಿಯುತ್ತಾ ಬಂದಿತು. ನಮ್ಮ ದೇಶದ ಪಾಠವೂ ಇದೆ. ಕೊಯ್ನಾದಲ್ಲಿ 103 ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ ನೀರು ನಿಂತ ಕೆಲವೇ ವರ್ಷಗಳಲ್ಲಿ, 1967ರ ಡಿಸೆಂಬರ್ 11ರಂದು, 6.3 ತೀವ್ರತೆಯ ಭೂಕಂಪವಾಗಿ ಇನ್ನೂರರ ಆಸುಪಾಸು ಜನ ತೀರಿಕೊಂಡರು.

ಆದರೆ ಇವು ಯಾವುವೂ ಇಂಗಾಲದ ಸಂಗ್ರಹಾಗಾರಗಳಲ್ಲ ಎಂಬುದನ್ನೂ ಹೇಳಬೇಕು. ನಾರ್ವೆಯ ಸ್ಲೈಪ್ನರ್‌ನಲ್ಲಿ 1996ರಿಂದ ವರ್ಷಕ್ಕೆ ಹತ್ತಿರ ಹತ್ತಿರ ಹತ್ತು ಲಕ್ಷ ಟನ್ ಇಂಗಾಲದ ಡೈಆಕ್ಸೈಡನ್ನು ಸಮುದ್ರತಳದ ಮರಳುಗಲ್ಲಿಗೆ ಇಳಿಸುತ್ತಾ ಬಂದಿದ್ದಾರೆ. ಆ ಮರಳುಗಲ್ಲು ವಿಶಾಲವೂ ಸಡಿಲವೂ ಆಗಿದ್ದು, ಅದರ ಗಾತ್ರದ ಮೂರನೆಯ ಒಂದು ಭಾಗಕ್ಕೂ ಹೆಚ್ಚು ರಂಧ್ರವೇ ಇರುವುದರಿಂದ ಒತ್ತಡ ಗಮನಾರ್ಹವಾಗಿ ಏರಲಿಲ್ಲ, ತೊಂದರೆ ಕೊಡುವ ಕಂಪನವೂ ಬರಲಿಲ್ಲ. ಜಪಾನಿನ ತೊಮಾಕೊಮಾಯಿಯಲ್ಲಿ 2016ರಿಂದ 2019ರವರೆಗೆ ಮೂರು ಲಕ್ಷ ಟನ್ ಇಳಿಸಿದರು. ನಡುವೆ 2018ರಲ್ಲಿ ಹೊಕ್ಕೈಡೊದಲ್ಲಿ 6.7 ತೀವ್ರತೆಯ ಸಹಜ ಭೂಕಂಪವಾದರೂ ಸಂಗ್ರಹದಿಂದ ಸೋರಿಕೆಯಾಗಲಿಲ್ಲ. ಅಲ್ಜೀರಿಯದ ಇನ್ ಸಾಲಾದಲ್ಲಿ ಮಾತ್ರ ಕತೆ ಬೇರೆ. ಅಲ್ಲಿನ ಮರಳುಗಲ್ಲು ಬಿಗಿಯಾಗಿತ್ತು. ಒತ್ತಡ ಏರಿ ನೆಲ ಮಿಲಿಮೀಟರುಗಳಷ್ಟು ಮೇಲೆದ್ದದ್ದು ಉಪಗ್ರಹದ ಕಣ್ಣಿಗೆ ಬಿತ್ತು, ಸಾವಿರಾರು ಸೂಕ್ಷ್ಮ ಕಂಪನಗಳು ದಾಖಲಾದವು, 2011ರಲ್ಲಿ ಇಳಿಸುವುದನ್ನೇ ನಿಲ್ಲಿಸಿದರು.

ಹಟ್ಟಿಯ ನಿವೃತ್ತ ಗಣಿ ಸರ್ವೇಯರ್:

ತಂಗಿ ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ನಾನು ನಮ್ಮ ನೆಲದ ಮಾತನ್ನು ಸೇರಿಸುತ್ತೇನೆ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಬಹುಭಾಗದ ಕೆಳಗೆ ಇರುವುದು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಳೆಯದಾದ ಗ್ರಾನೈಟ್ ಮತ್ತು ನೈಸ್ ಶಿಲೆ. ನಡುನಡುವೆ ಸಂಡೂರಿನದು, ಹಟ್ಟಿ ಮಸ್ಕಿಯದು, ಹೀಗೆ ಪದರಶಿಲೆಯ ಪಟ್ಟಿಗಳು. ಗಟ್ಟಿ ಗ್ರಾನೈಟಿನಲ್ಲಿ ರಂಧ್ರದ ಪಾಲು ಶೇ 1 ಕೂಡ ಇರುವುದಿಲ್ಲ. ಇರುವ ಜಾಗವೆಲ್ಲ ಬಿರುಕುಗಳಲ್ಲಿಯೇ. ಗಣಿಯ ಆಳದಲ್ಲಿ ನೀರು ಕೂಡ ಬಿರುಕಿನ ಜಾಡು ಹಿಡಿದು ಬರುತ್ತದೆಯೇ ಹೊರತು ಬಂಡೆಯ ಮೈಯಿಂದ ಜಿನುಗುವುದಿಲ್ಲ. ಅಂತಹ ಶಿಲೆಗೆ ಟಿಎಂಸಿ ಲೆಕ್ಕದಲ್ಲಿ ಏನನ್ನಾದರೂ ನುಗ್ಗಿಸುವುದೆಂದರೆ, ಜಾರಬಹುದಾದ ಬಿರುಕುಗಳಿಗೇ ನೇರವಾಗಿ ಒತ್ತಡ ಕೊಟ್ಟಂತೆ. ಯಾರಾದರೂ ಕುಡುತಿನಿಯ ಕೆಳಗೋ ಗಿಣಿಗೇರಾದ ಕೆಳಗೋ ಇಂಗಾಲವನ್ನು ಇರಿಸುತ್ತೇವೆ ಎಂದು ಬಂದರೆ ಮೊದಲ ಸಭೆಯಲ್ಲಿಯೇ ಬೇಡವೆನ್ನಬೇಕು. ಇದರಲ್ಲಿ ನನಗೆ ಎರಡನೆಯ ಅಭಿಪ್ರಾಯವಿಲ್ಲ.

ನಮ್ಮದು ಗಟ್ಟಿ ನೆಲ, ಭೂಕಂಪದ ನಕ್ಷೆಯಲ್ಲಿ ಕಡಿಮೆ ಅಪಾಯದ ಎರಡನೇ ವಲಯದಲ್ಲಿಯೇ ಇದುವರೆಗೆ ಗುರುತಿಸಿಕೊಂಡು ಬಂದದ್ದು, ಆದ್ದರಿಂದ ಭಯವಿಲ್ಲ ಎನ್ನುವವರಿದ್ದಾರೆ. 1843ರ ಏಪ್ರಿಲ್ 1ರಂದು ಬಳ್ಳಾರಿಯ ಸುತ್ತ ಭೂಮಿ ನಡುಗಿದ್ದು ಹಳೆಯ ಪಟ್ಟಿಗಳಲ್ಲಿ ದಾಖಲಾಗಿದೆ. ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯನ್ನೂ 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಭೂಕಂಪವಾಗುವವರೆಗೆ ಅಲುಗಾಡದ ನೆಲವೆಂದೇ ನಂಬಿದ್ದರು. ಶಾಂತವಾಗಿ ಕಾಣುವ ನೆಲದಲ್ಲಿ ಒತ್ತಡವಿಲ್ಲವೆಂದಲ್ಲ. ಕೋಲಾರದ ಗಣಿಗಳಲ್ಲಿ ಆಳ ಹೆಚ್ಚಿದಂತೆ, ಒತ್ತಡಕ್ಕೆ ಬಂಡೆ ತಾನಾಗಿಯೇ ಸಿಡಿಯುವ ಶಿಲಾಸ್ಫೋಟಗಳಾಗಿ ಎಷ್ಟು ಕಾರ್ಮಿಕರ ಪ್ರಾಣ ಹೋಯಿತೆಂಬುದನ್ನು ಗಣಿ ಕೆಲಸದವರು ಮರೆತಿಲ್ಲ. ಆ ಅನುಭವದ ನೆಲದಲ್ಲಿಯೇ, ಕೆಜಿಎಫ್‌ನಲ್ಲಿ, 1988ರಲ್ಲಿ ಶಿಲಾಬಲವನ್ನು ಅಧ್ಯಯನ ಮಾಡುವ ರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಬಂಡೆಯ ಸಣ್ಣ ಸದ್ದನ್ನೂ ಆಲಿಸುವ ವಿದ್ಯೆ ನಮ್ಮ ರಾಜ್ಯಕ್ಕೆ ಹೊಸದಲ್ಲ.

ಗಿಣಿಗೇರಾ ನಿವಾಸಿ:

ಹಾಗಾದರೆ ನಮ್ಮ ಕೆಳಗೆ ಇರಿಸುವುದಿಲ್ಲ ಎಂದು ಸಮಾಧಾನಪಡೋಣವೇ? ಹೊಗೆ ನಮ್ಮದು, ಇರಿಸುವ ನೆಲ ಬೇರೆಯವರದ್ದು ಎಂದಾದರೆ ಆ ನೆಲ ಯಾರದ್ದು?

ಚಿಂಚೋಳಿಯವನು, ಈಗ ತೋರಣಗಲ್ಲಿನಲ್ಲಿ:

ಅಣ್ಣ, ಆ ನೆಲ ನಮ್ಮದಾಗಬಹುದು. ಲಾವಾ ತಣಿದು ಆದ ಬಸಾಲ್ಟ್ ಶಿಲೆಯಲ್ಲಿ ಇಂಗಾಲ ಕಲ್ಲಾಗುತ್ತದೆ ಎಂದು ಓದಿದ್ದೇನೆ, ಕರ್ನಾಟಕದಲ್ಲಿ ಬಸಾಲ್ಟ್ ಇರುವುದು ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಯ ಕಡೆ. 2021ರಲ್ಲಿ ನಮ್ಮ ತಾಲ್ಲೂಕಿನ ಗಡಿಕೇಶ್ವಾರದ ಸುತ್ತ ಮೇಲಿಂದ ಮೇಲೆ ಭೂಮಿ ನಡುಗಿತು. ತೀವ್ರತೆ ದೊಡ್ಡದಲ್ಲವೆಂದು ಅಧಿಕಾರಿಗಳು ಹೇಳಿದ್ದು ನಿಜವೇ ಇರಬಹುದು, ಆದರೆ ನೆಲದೊಳಗಿನಿಂದ ಗುಡುಗಿದಂತಹ ಸದ್ದು ಬರುವಾಗ ಕಲ್ಲಿನ ಮನೆಯಲ್ಲಿ ಮಲಗಿದ ತಾಯಿಗೆ ಆ ಸಂಖ್ಯೆಯಿಂದ ಧೈರ್ಯ ಬರುವುದಿಲ್ಲ. ಕಿಲ್ಲಾರಿ ನಮಗೆ ದೂರದ ಊರಲ್ಲ, ಬೀಗಸ್ತನದ ಊರು. ಜನ ಮನೆ ಬಿಟ್ಟು ಬಯಲಿನಲ್ಲಿ ಮಲಗಿದರು, ಕೆಲವರು ಊರನ್ನೇ ಬಿಟ್ಟರು. ಸಹಜವಾಗಿಯೇ ನಡುಗುವ ನೆಲಕ್ಕೆ ಬಳ್ಳಾರಿಯ ಇಂಗಾಲವನ್ನು ಕೊಳವೆಯಲ್ಲಿ ತಂದು ಇಳಿಸಿ, ಆಮೇಲೆ ಒಂದು ಕಂಪನ ಬಂದರೆ ಅದು ಸಹಜದ್ದೋ ಇಳಿಸಿದ್ದರಿಂದ ಬಂದದ್ದೋ ಎಂದು ಹೇಗೆ ಹೇಳುತ್ತಾರೆ? ಇದಕ್ಕೆ ಉತ್ತರವಿಲ್ಲದೆ ಮುಂದಿನ ಮಾತು ಬೇಡವೆಂದು ನನ್ನ ವಿನಂತಿ.

ರಾಯಚೂರು ಭೂವಿಜ್ಞಾನ ವಿದ್ಯಾರ್ಥಿನಿ:

ಅಣ್ಣನವರ ಪ್ರಶ್ನೆಗೆ ಒಂದೇ ಉತ್ತರವಿದೆ: ಇಳಿಸುವುದಕ್ಕೆ ಮುಂಚಿನ ವರ್ಷಗಳಲ್ಲಿಯೇ ಆ ಸ್ಥಳದ ಸುತ್ತ ಕಂಪನಮಾಪಕಗಳ ದಟ್ಟ ಜಾಲವನ್ನು ಹಾಕಿ, ಸಹಜ ಕಂಪನಗಳ ಜಾಗ, ಆಳ ಮತ್ತು ಸಂಖ್ಯೆಯನ್ನು ದಾಖಲಿಸಬೇಕು. ಆ ದಾಖಲೆ ಇಲ್ಲದಿದ್ದರೆ ಆಮೇಲೆ ಯಾವ ತಜ್ಞರೂ ಖಚಿತವಾಗಿ ಬೇರ್ಪಡಿಸಿ ಹೇಳಲಾರರು, ಎರಡೂ ಕಡೆಯವರು ತಮಗೆ ಬೇಕಾದದ್ದನ್ನು ವಾದಿಸುತ್ತಾರೆ. ಹತ್ತಾರು ಕಿಲೋಮೀಟರ್ ದೂರದಲ್ಲಿ ಒಂದೊಂದು ಮಾಪಕವಿದ್ದರೆ ಊರ ಕೆಳಗಿನ ಸಣ್ಣ ಕಂಪನದ ಆಳ ನಿಖರವಾಗಿ ಸಿಗುವುದಿಲ್ಲ. ಇಲ್ಲಿ ಬೇಕಾದದ್ದು ಮುಖ್ಯವಾಗಿ ಆಳವೇ.

ಬಸಾಲ್ಟಿನ ವಿಚಾರದಲ್ಲಿ ಭರವಸೆಯೂ ಇದೆ, ತೊಡಕೂ ಇದೆ. ಐಸ್‌ಲ್ಯಾಂಡಿನ ಹೆಲ್ಲಿಶೈಡಿಯಲ್ಲಿ ಕಾರ್ಬ್‌ಫಿಕ್ಸ್ ಯೋಜನೆಯವರು 2012ರಲ್ಲಿ ಇಂಗಾಲದ ಡೈಆಕ್ಸೈಡನ್ನು ನೀರಿನಲ್ಲಿ ಕರಗಿಸಿ ಬಸಾಲ್ಟಿಗೆ ಇಳಿಸಿದಾಗ, ಅದರಲ್ಲಿ ಶೇ 95ರಷ್ಟು ಎರಡು ವರ್ಷದೊಳಗೆ ಕಾರ್ಬೊನೇಟ್ ಖನಿಜವಾಗಿ ಗಟ್ಟಿಯಾದದ್ದು ಕಂಡುಬಂತು. ಅಮೆರಿಕದ ವಲ್ಲುಲಾದಲ್ಲಿ 2013ರಲ್ಲಿ ಸಾವಿರ ಟನ್ನಿನಷ್ಟನ್ನು ನೀರಿನಲ್ಲಿ ಕರಗಿಸದೆಯೇ ಇಳಿಸಿದರು, ಅಲ್ಲಿಯೂ ಖನಿಜವಾದ ಕುರುಹು ಸಿಕ್ಕಿತು. ಕಲ್ಲಾದ ಇಂಗಾಲ ಒತ್ತಡ ಕೊಡುವುದಿಲ್ಲ, ಸೋರುವುದಿಲ್ಲ. ಆದರೆ ಇದೇ ಹೆಲ್ಲಿಶೈಡಿಯ ಪಕ್ಕದ ಹೂಸ್‌ಮೂಲಿಯಲ್ಲಿ ಭೂಶಾಖ ಸ್ಥಾವರದ ಬಳಸಿದ ನೀರನ್ನು ಮರಳಿ ಇಳಿಸತೊಡಗಿದಾಗ 2011ರ ಅಕ್ಟೋಬರಿನಲ್ಲಿ 4ರ ಆಸುಪಾಸಿನ ತೀವ್ರತೆಯ ಎರಡು ಕಂಪನಗಳಾಗಿ ಸಮೀಪದ ಊರಿನವರು ಗಾಬರಿಯಾದರು. ಬಸಾಲ್ಟ್ ಎಂದ ಮಾತ್ರಕ್ಕೆ ಕಂಪನದಿಂದ ವಿನಾಯಿತಿ ಇಲ್ಲ.

ಇನ್ನೊಂದು ಸಂಗತಿ ನಮ್ಮವರ ಗಮನಕ್ಕೆ ಬರಬೇಕು. ಕಿಲ್ಲಾರಿಯಲ್ಲಿ ಭೂಕಂಪದ ನಂತರ ಕೊರೆದ ಬಾವಿಯಲ್ಲಿ ಬಸಾಲ್ಟ್ ಇದ್ದದ್ದು ಸುಮಾರು 340 ಮೀಟರ್ ಮಾತ್ರ. ಅದರ ಕೆಳಗೆ ತೆಳುವಾದ ಗಸಿಶಿಲೆಯ ಪದರ, ಆಮೇಲೆ ಹಟ್ಟಿಯ ಹಿರಿಯರು ಹೇಳಿದಂತಹ ಪುರಾತನ ಶಿಲೆಯೇ. ಲಾವಾ ಹಾಸು ತನ್ನ ಅಂಚಿಗೆ ಬಂದಂತೆ ತೆಳುವಾಗುತ್ತದೆ, ಕರ್ನಾಟಕದ ಬಸಾಲ್ಟ್ ಅಂತಹ ಅಂಚಿನದು. ತೆಳು ಬಸಾಲ್ಟಿಗೆ ಇಳಿಸಿದ ಒತ್ತಡ ಕೆಳಗಿನ ಪುರಾತನ ಶಿಲೆಯ ಬಿರುಕುಗಳಿಗೆ ದಾಟುವ ದಾರಿ ಹತ್ತಿರವೇ ಇರುತ್ತದೆ. ಅಮೆರಿಕದ ಇಲಿನಾಯ್ ರಾಜ್ಯದ ಡಿಕೇಟರ್‌ನಲ್ಲಿ ಇದನ್ನು ಕಣ್ಣಾರೆ ಕಂಡರು. 2011ರಿಂದ 2014ರವರೆಗೆ ಹತ್ತು ಲಕ್ಷ ಟನ್ನನ್ನು ಮರಳುಗಲ್ಲಿನ ತಳಭಾಗಕ್ಕೆ ಇಳಿಸಿದಾಗ ಸಾವಿರಾರು ಸೂಕ್ಷ್ಮ ಕಂಪನಗಳು ಬಂದವು, ಬಹುಪಾಲು ಜನರಿಗೆ ಗೊತ್ತೇ ಆಗದಷ್ಟು ಸಣ್ಣವು, ಹೆಚ್ಚಿನವು ಅಡಿಯ ಪುರಾತನ ಶಿಲೆಯಲ್ಲಿ. ಎರಡನೆಯ ಬಾವಿಯಲ್ಲಿ ಸ್ವಲ್ಪ ಮೇಲಿನ ಹಂತಕ್ಕೆ, ಕೆಳಗೆ ಒತ್ತಡ ದಾಟದಂತೆ ತಡೆಯುವ ಪದರವೊಂದರ ಮೇಲೆ ಇಳಿಸತೊಡಗಿದ ಮೇಲೆ ಕಂಪನಗಳು ಬಹಳ ಕಡಿಮೆಯಾದವು. ಎಲ್ಲಿ ಇಳಿಸುತ್ತೇವೆ, ಅದರ ಅಡಿಯಲ್ಲಿ ಏನಿದೆ ಎಂಬುದರಲ್ಲಿಯೇ ಅರ್ಧ ನಿರ್ವಹಣೆ ಮುಗಿದಿರುತ್ತದೆ.

ಸಿಂಧನೂರು, ತುಂಗಭದ್ರಾ ಎಡದಂಡೆ ನಾಲೆಯ ಕೊನೆಭಾಗದ ರೈತ:

ನೀರಿನಲ್ಲಿ ಕರಗಿಸಿ ಇಳಿಸುವ ವಿಧಾನಕ್ಕೆ ಎಷ್ಟು ನೀರು ಬೇಕೆಂದು ಹುಡುಕಿದೆ. ಒಂದು ಟನ್ ಇಂಗಾಲದ ಡೈಆಕ್ಸೈಡಿಗೆ ಸುಮಾರು 25 ಟನ್ ನೀರು. ಮೇಷ್ಟ್ರ ಲೆಕ್ಕದ ಒಂದು ಕೋಟಿ ಟನ್ನಿಗೆ ಅದನ್ನು ಗುಣಿಸಿದರೆ ವರ್ಷಕ್ಕೆ ಹೆಚ್ಚುಕಡಿಮೆ 9 ಟಿಎಂಸಿ. ಎರಡನೇ ಬೆಳೆಗೆ ನೀರಿಲ್ಲದೆ ಭತ್ತದ ಗದ್ದೆ ಬೀಳುಬಿಡುವ ನಮಗೆ ಈ ಸಂಖ್ಯೆಯ ಅರ್ಥ ಯಾರೂ ವಿವರಿಸಬೇಕಾಗಿಲ್ಲ. ಅಷ್ಟು ನೀರನ್ನು ಆಳಕ್ಕೆ ಇಳಿಸಿದರೆ ಒತ್ತಡ ಹೆಚ್ಚುವುದೂ ಈ ನೀರಿನಿಂದಲೇ ಅಲ್ಲವೇ? ಆದ್ದರಿಂದ ಇದು ನೀರಿನ ಪ್ರಶ್ನೆಯೂ ಹೌದು, ಕಂಪನದ ಪ್ರಶ್ನೆಯೂ ಹೌದು.

ಮತ್ತೊಂದು ಮಾತು. ಎಡದಂಡೆ ನಾಲೆಯ ಮೈಲ್ 69ರಲ್ಲಿ ಗೇಜ್, ಅಂದರೆ ನೀರಿನ ಮಟ್ಟದ ಅಳತೆ, ಎಷ್ಟಿದೆ, ಮೈಲ್ 104ರಲ್ಲಿ ಎಷ್ಟಿದೆ ಎಂಬ ಅಂಕಿಗಾಗಿ ನಾವು ರಸ್ತೆ ತಡೆದು ಹೋರಾಡುತ್ತಾ ಬಂದಿದ್ದೇವೆ. ಗೇಜ್ ಯಾರ ಕೈಯಲ್ಲಿದೆಯೋ ನೀರೂ ಅವರ ಕೈಯಲ್ಲಿ ಎಂಬುದು ಕೊನೆಭಾಗದವರ ಅನುಭವ. ಬಾವಿಯ ತಳದ ಒತ್ತಡ ಎಷ್ಟಿದೆ, ಅನುಮತಿಸಿದ ಮಿತಿ ಎಷ್ಟು, ಇಂದು ಎಷ್ಟು ಇಳಿಸಿದರು, ಈ ಮೂರು ಅಂಕಿಗಳು ಪ್ರತಿದಿನ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಇರಬೇಕು.

ಸಂಡೂರು ಗಣಿ ಬ್ಲಾಸ್ಟಿಂಗ್ ಉಸ್ತುವಾರಿ:

ರೈತರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ವೃತ್ತಿಯಿಂದ ತಿಳಿದ ಒಂದು ವಿಷಯ ಸೇರಿಸುತ್ತೇನೆ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯ ಪ್ರಕಾರ, ಗಣಿಯ ಒಡೆತನಕ್ಕೆ ಸೇರದ ಸಾಮಾನ್ಯ ಮನೆಗಳ ಬಳಿ, ಸೆಕೆಂಡಿಗೆ 8 ಆವರ್ತಕ್ಕಿಂತ ಕಡಿಮೆಯ ಕಂಪನವಾದರೆ ನೆಲದ ಕಣಗಳ ವೇಗ ಸೆಕೆಂಡಿಗೆ 5 ಮಿಲಿಮೀಟರ್ ಮೀರಬಾರದು. ಗಮನಿಸಿ, ಇಲ್ಲಿ ಅಳೆಯುವುದು ಸಿಡಿಮದ್ದಿನ ಹತ್ತಿರವಲ್ಲ, ಮನೆಯ ಹತ್ತಿರ. ಇಂಗಾಲ ಸಂಗ್ರಹದ ನಿಯಮಗಳಲ್ಲಿ ಸಾಮಾನ್ಯವಾಗಿ ಕೇಳಿಬರುವುದು ಭೂಕಂಪದ ತೀವ್ರತೆಯ ಸಂಖ್ಯೆ. ಆ ಸಂಖ್ಯೆ ಮೂಲದಲ್ಲಿ ಬಿಡುಗಡೆಯಾದ ಶಕ್ತಿಯದ್ದು. ಒಂದೇ ತೀವ್ರತೆಯ ಕಂಪನ ಒಂದೂವರೆ ಕಿಲೋಮೀಟರ್ ಆಳದಲ್ಲಿ ಆದರೆ ಮೇಲಿನ ಮನೆಗೆ ತಟ್ಟುವ ರೀತಿಯೇ ಬೇರೆ, ಹತ್ತು ಕಿಲೋಮೀಟರ್ ಆಳದಲ್ಲಿ ಆದರೆ ಬೇರೆ. ಗಟ್ಟಿ ಬಂಡೆಯ ಮೇಲಿನ ಮನೆಗೂ ಎರೆಭೂಮಿಯ ಮೇಲಿನ ಮನೆಗೂ ವ್ಯತ್ಯಾಸವಿದೆ. ಆದ್ದರಿಂದ ಮಿತಿಯನ್ನು ಎರಡು ಬಗೆಯಲ್ಲಿಯೂ ನಿಗದಿಪಡಿಸಬೇಕು: ಮೂಲದ ತೀವ್ರತೆಗೆ ಒಂದು, ಊರಿನ ಶಾಲೆ, ದೇವಸ್ಥಾನ, ಮನೆಗಳ ಬುಡದಲ್ಲಿ ಅಳೆದ ಅಲುಗಾಟಕ್ಕೆ ಇನ್ನೊಂದು. ಹಾಗೆ ಮಾಡಿದರೆ ಊರಿನವರಿಗೆ ಸಿಗುವ ಅಂಕಿ ಅವರು ಅನುಭವಿಸಿದ ಅಂಕಿಯೇ ಆಗಿರುತ್ತದೆ.

ಕುಡುತಿನಿ ಮೇಷ್ಟ್ರು:

ಮಿತಿಯ ಮಾತು ಬಂದದ್ದರಿಂದ ಬೇರೆ ದೇಶಗಳ ರೂಢಿಯನ್ನು ಬರೆಯುತ್ತೇನೆ. ರಸ್ತೆಯ ಸಿಗ್ನಲ್ ದೀಪದ ಹೆಸರಿನಲ್ಲಿ ಕರೆಯುವ ಪದ್ಧತಿ ಅದು: ಹಸಿರಿದ್ದರೆ ಕೆಲಸ ಮುಂದುವರಿಯುತ್ತದೆ, ಹಳದಿಗೆ ಬಂದರೆ ಒತ್ತಡ ತಗ್ಗಿಸಬೇಕು, ಕೆಂಪಾದರೆ ನಿಲ್ಲಿಸಬೇಕು. ಬ್ರಿಟನ್ನಿನಲ್ಲಿ, ಶಿಲೆಯನ್ನು ನೀರಿನ ಒತ್ತಡದಿಂದ ಸೀಳಿ ತೆಗೆಯುವ ಶೇಲ್ ಅನಿಲದ ಬಾವಿಗಳಿಗೆ 0.5 ತೀವ್ರತೆಯಲ್ಲಿಯೇ ಕೆಂಪು ಎಂದು ನಿಗದಿಪಡಿಸಿದ್ದರು. ಅಷ್ಟು ಕಟ್ಟುನಿಟ್ಟಿದ್ದರೂ 2019ರ ಆಗಸ್ಟಿನಲ್ಲಿ 2.9ರ ಕಂಪನವಾಗಿ ಆ ಕೆಲಸಕ್ಕೇ ತಡೆ ಬಿತ್ತು. ಕೆನಡಾದ ಆಲ್ಬರ್ಟಾದ ಒಂದು ಭಾಗದಲ್ಲಿ ಕೆಂಪು ಹತ್ತುವುದು 4.0ಕ್ಕೆ. ಒಂದು ಅಂಕ ಏರಿದರೆ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ ಎಂಬುದನ್ನು ನೆನಪಿಟ್ಟು ಈ ಎರಡು ಮಿತಿಗಳ ಅಂತರವನ್ನು ನೋಡಿ. ಮಿತಿಯ ಹಿಂದೆ ವಿಜ್ಞಾನವಷ್ಟೇ ಅಲ್ಲ, ಆ ನೆಲದಲ್ಲಿ ಎಷ್ಟು ಜನರಿದ್ದಾರೆ, ಅವರ ಮನೆಗಳೆಂತಹವು ಎಂಬುದೂ ಇರುತ್ತದೆ.

ಆದರೆ ಈ ದೀಪಗಳನ್ನೇ ನೆಚ್ಚಿಕೊಂಡು ಕೂರುವುದು ಅಪಾಯ ಎಂದು ನನಗೆ ಬಲವಾಗಿ ಅನಿಸುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 2006ರ ಡಿಸೆಂಬರ್ 8ರಂದು ಭೂಶಾಖ ಬಾವಿಯಲ್ಲಿ ಇಂತಹ ಪದ್ಧತಿಯನ್ನು ಪಾಲಿಸಿ ನೀರನ್ನು ನಿಲ್ಲಿಸಿದ್ದರು, 3.4ರ ಕಂಪನ ಬಂದದ್ದು ನಿಲ್ಲಿಸಿದ ಮೇಲೆ, ಕೆಲವೇ ಗಂಟೆಗಳಲ್ಲಿ. ಡೆನ್ವರ್‌ನಲ್ಲಿ ಒಂದು ವರ್ಷ ದಾಟಿದ ಮೇಲೆ ಬಂತು. ದಕ್ಷಿಣ ಕೊರಿಯಾದ ಪೊಹಾಂಗ್‌ನ ಭೂಶಾಖ ಬಾವಿಗೆ ಕೊನೆಯ ಬಾರಿ ನೀರು ಇಳಿಸಿ ಸುಮಾರು ಎರಡು ತಿಂಗಳಾದ ಮೇಲೆ, 2017ರ ನವೆಂಬರ್ 15ರಂದು 5.5ರ ಭೂಕಂಪವಾಯಿತು, ಬಾವಿಯ ಕೆಲಸವೇ ಅದನ್ನು ಪ್ರಚೋದಿಸಿತೆಂದು ಸರ್ಕಾರ ನೇಮಿಸಿದ ತಜ್ಞರ ತಂಡ 2019ರಲ್ಲಿ ತೀರ್ಮಾನಿಸಿತು. ನೀರು ಇಳಿಸಿದ್ದರಿಂದ ಏರಿದ ಒತ್ತಡ ಆಳದಲ್ಲಿ ಹರಡುತ್ತಲೇ ಇರುತ್ತದೆ, ಮೇಲೆ ಕವಾಟ ಮುಚ್ಚಿದೊಡನೆ ಅದು ಅಡಗುವುದಿಲ್ಲ. ಕಂಪನ ಬಂದ ಮೇಲೆ ಹತ್ತುವ ದೀಪಕ್ಕಿಂತ, ಒತ್ತಡವನ್ನೇ ಮೊದಲಿನಿಂದ ತಗ್ಗಿಸಿಡುವ ಶಿಸ್ತು ಮುಖ್ಯ. ಅಮೆರಿಕದ ಇಂಗಾಲ ಬಾವಿಗಳ 2010ರ ನಿಯಮ, ಶಿಲೆಯನ್ನು ಸೀಳಬಲ್ಲ ಒತ್ತಡದ ಶೇ 90ನ್ನು ಮೀರಬಾರದು ಎನ್ನುತ್ತದೆ. ಹಳೆಯ ಸ್ತರಭಂಗ ಜಾರುವುದಕ್ಕೆ ಹೊಸ ಶಿಲೆಯನ್ನು ಸೀಳುವಷ್ಟು ಒತ್ತಡ ಬೇಕಾಗಿಲ್ಲವಾದ್ದರಿಂದ, ಸ್ತರಭಂಗಗಳಿರುವೆಡೆ ಅದಕ್ಕಿಂತ ಎಷ್ಟೋ ಕೆಳಗೆ ನಿಲ್ಲಬೇಕಾಗುತ್ತದೆ.

ರಾಯಚೂರು ಭೂವಿಜ್ಞಾನ ವಿದ್ಯಾರ್ಥಿನಿ:

ಒತ್ತಡ ತಗ್ಗಿಸಲು ಒಳಗಿನ ಉಪ್ಪುನೀರನ್ನು ಬೇರೆ ಬಾವಿಯಿಂದ ಹೊರತೆಗೆಯುವ ವಿಧಾನವೂ ಇದೆ. ಆಸ್ಟ್ರೇಲಿಯಾದ ಬ್ಯಾರೋ ದ್ವೀಪದ ಗೊರ್ಗನ್ ಯೋಜನೆಯಲ್ಲಿ ಅಂತಹ ಬಾವಿಗಳು ಮರಳಿನಿಂದ ಕಟ್ಟಿಕೊಂಡದ್ದರಿಂದ ಇಂಗಾಲ ಇಳಿಸುವ ಪ್ರಮಾಣವನ್ನೇ ತಗ್ಗಿಸಬೇಕಾಯಿತು. ಗುರಿ ತಪ್ಪಿತೆಂದು ಟೀಕೆ ಬಂದರೂ, ಒತ್ತಡದ ಮಿತಿಗೆ ಗೌರವ ಕೊಡುವುದೆಂದರೆ ಹಾಗೆಯೇ. ಅಲ್ಲದೆ ಸ್ಟ್ಯಾನ್‌ಫೋರ್ಡ್‌ನ ಮಾರ್ಕ್ ಝೋಬ್ಯಾಕ್ ಮತ್ತು ಸ್ಟೀವನ್ ಗೋರೆಲಿಕ್ 2012ರಲ್ಲಿ ಎತ್ತಿದ ಒಂದು ಆಕ್ಷೇಪ ಇಂದಿಗೂ ಮುಖ್ಯ: ಮನೆ ಬೀಳದಷ್ಟು ಸಣ್ಣ ಕಂಪನ ಕೂಡ ಮೇಲಿನ ಮುಚ್ಚಳದ ಪದರದಲ್ಲಿ ದಾರಿ ಮಾಡಿದರೆ ಸಂಗ್ರಹದ ಉದ್ದೇಶವೇ ಕೆಡುತ್ತದೆ. ಅವರ ಮಾತನ್ನು ಒಪ್ಪದ ತಜ್ಞರೂ ಇದ್ದಾರೆ, ಮೃದುವಾದ ಶಿಲಾಪದರಗಳು ಕಂಪಿಸದೆ ಹೊಂದಿಕೊಳ್ಳಬಲ್ಲವು ಎಂಬುದು ಈ ತಜ್ಞರ ವಾದ. ಎರಡೂ ಕಡೆಯವರು ಒಪ್ಪುವುದು ಸ್ಥಳದ ಆಯ್ಕೆಯನ್ನು.

ಕೊಪ್ಪಳದ ಸಿವಿಲ್ ಎಂಜಿನಿಯರ್:

ಮನೆಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಕಿಲ್ಲಾರಿಯಲ್ಲಿ ಎಂಟರಿಂದ ಹತ್ತು ಸಾವಿರ ಜನ ತೀರಿಕೊಂಡದ್ದು ಹೆಚ್ಚಾಗಿ ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ ಮತ್ತು ಭಾರವಾದ ಮಣ್ಣಿನ ಮಾಳಿಗೆಯ ಕೆಳಗೆ. ಅಂತಹ ಮನೆಗಳು ನಮ್ಮ ಯಲಬುರ್ಗಾ, ಕುಷ್ಟಗಿಯಲ್ಲೂ ಇವೆ, ಕಲಬುರಗಿ ಕಡೆಯಲ್ಲೂ ಇವೆ. ಗೋಡೆಯ ಎರಡು ಮುಖಗಳನ್ನು ಬೆಸೆಯುವ ಉದ್ದಗಲ್ಲು, ಬಾಗಿಲ ಮೇಲ್ಮಟ್ಟದಲ್ಲಿ ಸುತ್ತಲೂ ಕಾಂಕ್ರೀಟ್ ಪಟ್ಟಿ, ಮೇಲಿನ ಮಣ್ಣಿನ ಭಾರ ಇಳಿಸುವುದು, ಇಷ್ಟರಿಂದಲೇ ಬಹಳ ಪ್ರಾಣ ಉಳಿಯುತ್ತದೆ. ಇಂಗಾಲ ಇಳಿಸಲು ಹೊರಟವರು ಮೊದಲ ಟನ್ ಇಳಿಸುವ ಮುನ್ನವೇ ಸುತ್ತಲಿನ ಮನೆಗಳಿಗೆ ಈ ಕೆಲಸ ಮಾಡಿಸಿಕೊಡಬೇಕು. ಯೋಜನೆಯ ಒಟ್ಟು ವೆಚ್ಚದ ಮುಂದೆ ಇದು ದೊಡ್ಡದಲ್ಲ.

ಗಿಣಿಗೇರಾ ನಿವಾಸಿ:

ಎಲ್ಲರ ಮಾತನ್ನೂ ಓದಿದೆ. ನಮ್ಮ ಊರಿನ ಹತ್ತಿರದ ಒಂದು ಕಾರ್ಖಾನೆಯ ಗೇಟಿನಲ್ಲಿ ಗಾಳಿಯ ಗುಣಮಟ್ಟ ತೋರಿಸುವ ಫಲಕವಿದೆ. ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆ ಕಪ್ಪಾದ ದಿನವೂ ಅದರಲ್ಲಿ ಎಲ್ಲವೂ ಮಿತಿಯೊಳಗೇ ಇರುತ್ತದೆ. ನೆಲದಾಳದ ಒತ್ತಡ ಬಟ್ಟೆಯ ಮೇಲೂ ಕಾಣಿಸುವುದಿಲ್ಲ. ಆದ್ದರಿಂದ ಮಾಪಕಗಳು ಇಳಿಸುವ ಕಂಪನಿಯ ಕೈಯಲ್ಲಿ ಇರಬಾರದು. ಹೈದರಾಬಾದಿನ ಭೂಭೌತ ಸಂಶೋಧನಾ ಸಂಸ್ಥೆಯೋ, ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೋ, ವಿಶ್ವವಿದ್ಯಾಲಯವೋ ಅವುಗಳನ್ನು ನಡೆಸಲಿ, ವೆಚ್ಚವನ್ನು ಕಂಪನಿ ಮುಂಗಡವಾಗಿ ಠೇವಣಿ ಇಡಲಿ, ಅಂಕಿ ಒಂದೇ ವೇಳೆಗೆ ಕಂಪನಿಗೂ ಜನರಿಗೂ ತಲುಪಲಿ. ನಮ್ಮ ಹೊಗೆ ಚಿಂಚೋಳಿಗೋ ಇನ್ನೆಲ್ಲಿಗೋ ಹೋಗುವುದಾದರೆ, ಅಲ್ಲಿಯವರು ಕೇಳುವ ಷರತ್ತುಗಳನ್ನು ಇಲ್ಲಿಯ ಸಾರ್ವಜನಿಕ ಅಹವಾಲು ಸಭೆಯಲ್ಲಿ ನಾವೇ ಎದ್ದು ನಿಂತು ಕೇಳಬೇಕು. ಈ ಧೂಳಿನ ಜೊತೆ ಇಷ್ಟು ಕಾಲ ಬದುಕಿದವರು, ಅದರ ಇನ್ನೊಂದು ರೂಪವನ್ನು ಬೇರೆ ಊರಿಗೆ ದಾಟಿಸಿ ಸುಮ್ಮನಿರಲು ನನ್ನ ಮನಸ್ಸು ಒಪ್ಪುವುದಿಲ್ಲ.

ಕೊಪ್ಪಳದ ವಕೀಲರು:

ಹೊಣೆಗಾರಿಕೆಯ ಬಗ್ಗೆ. ದೆಹಲಿಯ ಓಲಿಯಂ ಅನಿಲ ಸೋರಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1986ರಲ್ಲಿಯೇ, ಅಪಾಯಕಾರಿ ಉದ್ಯಮ ನಡೆಸುವವರು ತಮ್ಮಿಂದಾದ ಹಾನಿಗೆ ನಿರಪವಾದ ಹೊಣೆ ಹೊರಬೇಕು, ಎಚ್ಚರಿಕೆ ವಹಿಸಿದ್ದೆವು ಎಂಬ ಸಮರ್ಥನೆ ನಡೆಯುವುದಿಲ್ಲ ಎಂದಿತು. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆಯೂ ತಪ್ಪು ಇಲ್ಲದಿದ್ದರೂ ಹೊಣೆ ಎಂಬ ತತ್ವವನ್ನು ಒಪ್ಪಿದೆ. ಕೊರತೆ ಇರುವುದು ಎರಡು ಕಡೆ. ಮೊದಲನೆಯದು ಕಾಲ. ಯುರೋಪಿನ 2009ರ ನಿರ್ದೇಶನದಂತೆ, ಬಾವಿ ಮುಚ್ಚಿ ಸಾಮಾನ್ಯವಾಗಿ ಕನಿಷ್ಠ 20 ವರ್ಷ ಕಳೆಯದೆ ಹೊಣೆ ಕಂಪನಿಯಿಂದ ಸರ್ಕಾರಕ್ಕೆ ದಾಟುವುದಿಲ್ಲ. ಅಮೆರಿಕದ ನಿಯಮದಲ್ಲಿ ಮುಚ್ಚಿದ ನಂತರದ ನಿಗಾವಣೆ ಮೂಲತಃ 50 ವರ್ಷ. ಡೆನ್ವರ್ ಮತ್ತು ಪೊಹಾಂಗ್‌ನ ಉದಾಹರಣೆ ನೋಡಿದರೆ ಇಂತಹ ಅವಧಿ ನಮ್ಮಲ್ಲಿಯೂ ಕಾನೂನಿನಲ್ಲಿ ಬರೆದಿರಬೇಕು, ಅದಕ್ಕೆ ತಕ್ಕ ಹಣವೂ ಮೊದಲೇ ಪ್ರತ್ಯೇಕವಾಗಿರಬೇಕು.

ಎರಡನೆಯದು ಪುರಾವೆಯ ಭಾರ. ನೆದರ್ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ ನೆಲದಿಂದ ಅನಿಲ ತೆಗೆದದ್ದರಿಂದ ಕಂಪನಗಳಾಗಿ, 2012ರಲ್ಲಿ ಹ್ಯೂಜಿಂಗೆಯಲ್ಲಿ 3.6 ತೀವ್ರತೆ ತಲುಪಿ, ಸಾವಿರಾರು ಮನೆಗಳು ಬಿರುಕುಬಿಟ್ಟವು. ತಮ್ಮ ಮನೆಯ ಬಿರುಕು ಕಂಪನದ್ದೇ ಎಂದು ಪ್ರತಿ ಮನೆಯವರೂ ಸಾಬೀತುಪಡಿಸಬೇಕಾದ ಸ್ಥಿತಿ ಇತ್ತು. ಅಲ್ಲಿನ ಸಂಸತ್ತು ಕಾನೂನು ಬದಲಿಸಿ, ಆ ಪ್ರದೇಶದ ಅಂತಹ ಹಾನಿಯನ್ನು ಅನಿಲ ತೆಗೆಯುವುದರಿಂದಲೇ ಆದದ್ದೆಂದು ಮೊದಲು ಭಾವಿಸಬೇಕು, ಅಲ್ಲವೆಂದರೆ ಅದನ್ನು ಕಂಪನಿಯೇ ಸಾಬೀತುಪಡಿಸಬೇಕು ಎಂದಿತು. ನಮ್ಮಲ್ಲಿಯೂ ಗುರುತಿಸಿದ ವ್ಯಾಪ್ತಿಯೊಳಗೆ ಈ ನಿಯಮ ಬೇಕು. ಇಲ್ಲವಾದರೆ ಕಲ್ಲಿನ ಮನೆಯ ಬಡ ರೈತ ಭೂಭೌತ ವಿಜ್ಞಾನಿಯನ್ನು ಸಾಕ್ಷಿಗೆ ಕರೆತರಬೇಕಾಗುತ್ತದೆ.

ಚಿಂಚೋಳಿಯವನು, ಈಗ ತೋರಣಗಲ್ಲಿನಲ್ಲಿ:

ವಕೀಲರೇ, ಹಾಗಾದರೆ ಇಳಿಸುವ ಮುಂಚೆ ನಮ್ಮ ಊರಿನ ಪ್ರತಿ ಮನೆಯ ಗೋಡೆ ಹೇಗಿತ್ತು ಎಂಬ ದಾಖಲೆಯೂ ಬೇಕಾಗುತ್ತದೆ ಅಲ್ಲವೇ?

ಕೊಪ್ಪಳದ ವಕೀಲರು:

ಬೇಕೇ ಬೇಕು. ಪ್ರತಿ ಮನೆಯ ಒಳಗೂ ಹೊರಗೂ ದಿನಾಂಕದೊಂದಿಗೆ ಛಾಯಾಚಿತ್ರ ತೆಗೆದು, ಇರುವ ಬಿರುಕುಗಳ ಉದ್ದ ಮತ್ತು ಅಗಲವನ್ನು ಬರೆದು, ಮನೆಯವರ ಸಹಿ ಪಡೆದು, ಒಂದು ಪ್ರತಿ ಮನೆಯವರ ಕೈಗೆ, ಒಂದು ಪಂಚಾಯಿತಿಗೆ, ಒಂದು ತಹಶೀಲ್ದಾರರ ಕಚೇರಿಗೆ ಕೊಡಬೇಕು. ತೆರೆದ ಬಾವಿ ಮತ್ತು ಕೊಳವೆಬಾವಿಗಳ ನೀರಿನ ಮಟ್ಟವನ್ನೂ ಅದೇ ದಿನ ಬರೆಯಿಸಿ. ಅಹವಾಲು ಸಭೆಯ ನಡಾವಳಿಯಲ್ಲಿ ಈ ಬೇಡಿಕೆ ದಾಖಲಾಗುವಂತೆ ಲಿಖಿತವಾಗಿಯೇ ಕೊಡಿ, ಸ್ವೀಕೃತಿ ಪಡೆಯಿರಿ. ಕರಡನ್ನು ನಾನು ಬರೆದುಕೊಡುತ್ತೇನೆ, ಸಂಡೂರಿನವರು ಅಲುಗಾಟದ ಮಿತಿಯ ಭಾಗವನ್ನು ತಿದ್ದಿಕೊಡಲಿ.